ಲೈವ್, ಗಿಫ್ಟ್ ಮತ್ತು ರಾತ್ರಿ ಹನ್ನೊಂದರ ಒಂಟಿತನ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ನಾನೊಂದು ಓದುವ ಕೊಠಡಿ ನಡೆಸುತ್ತೇನೆ. ಹುಡುಗರು ಇದನ್ನು ಲೈಬ್ರರಿ ಅನ್ನುತ್ತಾರೆ. ಕೆಎಎಸ್, ಪಿಎಸ್‌ಐ, ಪಿಸಿ, ಎಫ್‌ಡಿಎ ಅಂತ ಓದಲು ಗದಗ, ಹಾವೇರಿ, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದವರು ಬೆಳಗಿನಿಂದ ರಾತ್ರಿವರೆಗೆ ಇಲ್ಲಿ ಕೂರುತ್ತಾರೆ. ಮೂರು ನಾಲ್ಕು ವರ್ಷಗಳಿಂದ ಬೇರೆ ಬೇರೆ ಹುಡುಗರು ಬಾಗಿಲ ಹತ್ತಿರ ನಿಂತು, ದನಿ ಇಳಿಸಿ, ಒಂದೇ ವಿಷಯ ಕೇಳುತ್ತಿದ್ದಾರೆ: ಮೊಬೈಲ್ ಆ್ಯಪ್‌ಗಳ ಲೈವ್ ವಿಡಿಯೊಗಳಲ್ಲಿ ಗಿಫ್ಟ್ ಅಂತ ಹಾಕಿದ ದುಡ್ಡು. ಅವರ ಅಪ್ಪ ಅಮ್ಮಂದಿರೂ ಫೋನ್ ಮಾಡುತ್ತಾರೆ. ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಆದರೆ ಈ ಹುಡುಗರ ಜೊತೆ ಕೂತು ಲೆಕ್ಕ ಹಾಕಿದ್ದೇನೆ, ಆ ಆ್ಯಪ್‌ಗಳನ್ನು ತೆರೆದು ನೋಡಿದ್ದೇನೆ, ತಿಳಿದವರನ್ನು ಕೇಳಿದ್ದೇನೆ. ಯಾರ ಗುರುತೂ ಸಿಗಬಾರದು ಅಂತ ಊರು, ವಿವರ ಬದಲಿಸಿದ್ದೇನೆ.

ನನ್ನ ಮಗ ಲೈವ್‌ನಲ್ಲಿ ಗಿಫ್ಟ್ ಕಳಿಸಿದ್ದಾನೆ ಅಂತ ಗೊತ್ತಾಯಿತು. ಏನಿದು?

ಒಬ್ಬರು ಮೊಬೈಲ್ ಮುಂದೆ ಕೂತು ಹಾಡುತ್ತಾರೆ, ಗೇಮ್ ಆಡುತ್ತಾರೆ, ಇಲ್ಲವೇ ಸುಮ್ನೆ ಮಾತಾಡುತ್ತಾರೆ. ಅದೇ ಹೊತ್ತಿಗೆ ನೂರಾರು ಜನ ನೋಡುತ್ತಾ ಕೆಳಗೆ ಬರೆಯುತ್ತಿರುತ್ತಾರೆ. ಬರೆದ ಸಾಲು ನೋಡುತ್ತಿದ್ದ ಹಾಗೇ ಸರಿದು ಹೋಗುತ್ತದೆ. ದುಡ್ಡು ಹಾಕಿದರೆ ನಿಲ್ಲುತ್ತದೆ. ಯೂಟ್ಯೂಬ್‌ನ ಸೂಪರ್ ಚಾಟ್ 2017ರಿಂದ ಇದೆ. ಕಡಿಮೆ ದುಡ್ಡಿಗೆ ನೀಲಿ ಬಣ್ಣ, ಜಾಸ್ತಿ ದುಡ್ಡಿಗೆ ಕೆಂಪು. ಜಾಸ್ತಿ ಕೊಟ್ಟಷ್ಟೂ ನಿಮ್ಮ ಹೆಸರು ಜಾಸ್ತಿ ಹೊತ್ತು ಮೇಲೆ ಕೂತಿರುತ್ತದೆ. ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 70 ಚಾನೆಲ್‌ನವರಿಗೆ, 30 ಯೂಟ್ಯೂಬ್‌ಗೆ.

ಬೇರೆ ಆ್ಯಪ್‌ಗಳಲ್ಲಿ ದಾರಿ ಇನ್ನೂ ಸುತ್ತು. ಮೊದಲು ರೂಪಾಯಿ ಕೊಟ್ಟು ಕಾಯಿನ್ ಕೊಳ್ಳಬೇಕು. ಕಾಯಿನ್ ಕೊಟ್ಟರೆ ಪರದೆ ಮೇಲೆ ಗುಲಾಬಿ, ಕಿರೀಟ, ಕಾರು ಬರುತ್ತವೆ. ಆ ಕಡೆ ಅದು ಡೈಮಂಡೋ ಬೀನ್ಸೋ ಆಗಿ ಜಮಾ ಆಗುತ್ತದೆ, ಆಮೇಲೆ ಮತ್ತೆ ದುಡ್ಡಾಗುತ್ತದೆ. ಇಷ್ಟು ಸಲ ವೇಷ ಬದಲಿಸಿದ ಮೇಲೆ ರೂಪಾಯಿ ರೂಪಾಯಿಯ ಹಾಗೆ ಕಾಣುವುದೇ ಇಲ್ಲ. ನೂರರ ನೋಟು ಕೈಬಿಡುವಾಗ ಹೊಟ್ಟೆಯಲ್ಲಿ ಚುರುಕ್ ಅನ್ನುತ್ತದಲ್ಲ, ಅದು ಇಲ್ಲಿ ಅನ್ನುವುದಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್, ಬಿಗೋ ಲೈವ್ ಎರಡೂ ಹೋದವು. ರೂಢಿ ಹೋಗಲಿಲ್ಲ, ಬೇರೆ ಆ್ಯಪ್‌ಗಳಲ್ಲಿ ಮುಂದುವರಿಯಿತು.

ಪಿಕೆ ಅಂದರೆ?

ಲೈವ್ ಮಾಡುವ ಇಬ್ಬರು ಎದುರು ಬದುರು ಬರುತ್ತಾರೆ. ಕೆಲವೇ ನಿಮಿಷದ ಪಂದ್ಯ. ಯಾರ ಕಡೆಯವರು ಜಾಸ್ತಿ ಗಿಫ್ಟ್ ಹಾಕುತ್ತಾರೋ ಅವರು ಗೆದ್ದಂತೆ. ಕೊನೆಯ ಹತ್ತು ಸೆಕೆಂಡಿನಲ್ಲಿ "ಯಾರರ ಅದೀರೇನು, ಕೈ ಬಿಡಬ್ಯಾಡ್ರಿ" ಅಂತ ಕೂಗು ಬರುತ್ತದೆ. ನಾನು ನೋಡಿದ ಹುಡುಗರಲ್ಲಿ ದೊಡ್ಡ ಮೊತ್ತ ಹೋದದ್ದು ಹೆಚ್ಚಾಗಿ ಈ ಹತ್ತು ಸೆಕೆಂಡಿನಲ್ಲೇ. ಆಗ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಪಂದ್ಯವನ್ನು ಅಷ್ಟು ಚಿಕ್ಕದಾಗಿ ಇಟ್ಟಿರುವುದೂ ಅದಕ್ಕೇ.

ಅವರು ನನ್ನ ಹೆಸರು ಹಿಡಿದು ಮಾತಾಡುತ್ತಾರೆ, ಊಟ ಆಯಿತಾ ಅಂತ ಕೇಳುತ್ತಾರೆ. ಅದೆಲ್ಲ ಸುಳ್ಳಾ?

ನಿಮಗೆ ಆಗುವ ಖುಷಿ ಸುಳ್ಳಲ್ಲ. ಇದನ್ನು ಮೊದಲು ಹೇಳಬೇಕು. ಯಾಕೆಂದರೆ "ಬುದ್ಧಿ ಇಲ್ಲೇನಲೇ, ಯಾರಿಗೋ ರೊಕ್ಕ ಹಾಕ್ತಿಯಲ್ಲ" ಅಂತ ಬೈಸಿಕೊಂಡೇ ಹುಡುಗರು ನನ್ನ ಹತ್ತಿರ ಬಂದಿರುತ್ತಾರೆ. ದಿನವಿಡೀ ಯಾರೂ ನಿಮ್ಮ ಹೆಸರು ಹಿಡಿದು ಕರೆದಿಲ್ಲ. ರಾತ್ರಿ ಒಬ್ಬರು ಕರೆದರೆ ಎದೆ ಹಗುರ ಆಗುತ್ತದೆ. ಅದರಲ್ಲಿ ನಾಚಿಕೆ ಪಡುವುದು ಏನಿದೆ?

ಆದರೆ ಈ ಸಂಬಂಧ ಒಂದು ಕಡೆಯಿಂದ ಮಾತ್ರ ತುಂಬಿದ್ದು. ನಿಮಗೆ ಅವರ ನಗು, ಅವರ ಬೆಕ್ಕಿನ ಹೆಸರು, ಅವರ ತಮ್ಮನ ಕಾಲೇಜು ಎಲ್ಲ ಗೊತ್ತು. ಅವರಿಗೆ ನಿಮ್ಮದು ಒಂದು ಹೆಸರು, ಪಕ್ಕದಲ್ಲಿ ಒಂದು ಲೆವೆಲ್ ನಂಬರ್. 1956ರಲ್ಲಿ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಇದಕ್ಕೆ 'ಪ್ಯಾರಾಸೋಷಿಯಲ್' ಅಂತ ಹೆಸರಿಟ್ಟರು. ಆಗ ಟಿವಿ ಹೊಸದು. ಪರದೆಯಲ್ಲಿ ಕಾಣುವವರು ನೇರ ತಮ್ಮನ್ನೇ ನೋಡಿ ಮಾತಾಡುತ್ತಿದ್ದಾರೆ ಅಂತ ಜನರಿಗೆ ಅನಿಸುವುದನ್ನು ಅವರು ಗಮನಿಸಿದರು.

ನಮ್ಮ ಮನೆಯಲ್ಲೂ ಇದು ಇತ್ತು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು. ನನ್ನ ಅಜ್ಜಿಗೆ ಅಲ್ಲಿನ ಉದ್ಘೋಷಕಿಯರ ದನಿ ಮನೆಮಂದಿಯ ದನಿಯಷ್ಟೇ ಗೊತ್ತಿತ್ತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೈ ನಿಲ್ಲಿಸಿ, "ಇವತ್ತ ಆಕಿ ದನಿ ಕಟ್ಟೇತಿ ನೋಡು, ನೆಗಡಿ ಆಗಿರಬೇಕು" ಅಂದಳು. ದಿನವಿಡೀ ಅದೇ ಚಿಂತೆ. ಹಾಡು ಕೋರಿ ಕಾರ್ಡ್ ಬರೆದವರ ಹೆಸರನ್ನು ರೇಡಿಯೊದಲ್ಲೂ ಓದುತ್ತಿದ್ದರು. ಆ ಸಂತೋಷವೂ ಇದೇ ಜಾತಿಯದು. ಆದರೆ ಪೋಸ್ಟ್ ಕಾರ್ಡಿಗೆ ಎಲ್ಲರಿಗೂ ಒಂದೇ ಬೆಲೆ. ಜಾಸ್ತಿ ದುಡ್ಡು ಕೊಟ್ಟವರ ಹೆಸರನ್ನು ಮೂರು ಸಲ ಓದುತ್ತಿರಲಿಲ್ಲ.

ಹಳ್ಳಿ ನಾಟಕದಲ್ಲಿ ಆಯೇರು ಮಾಡುತ್ತೇವಲ್ಲ. ಇದೂ ಹಾಗೇ ಅಲ್ವಾ?

ಒಳ್ಳೆಯ ಪ್ರಶ್ನೆ. ಹಾವೇರಿ ಕಡೆಯ ಒಬ್ಬ ಹುಡುಗ ಇದನ್ನೇ ವಾದ ಮಾಡಿದ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾಟಕದ ನಡುವೆ ಆಟ ನಿಲ್ಲಿಸಿ, ಪಾತ್ರಧಾರಿಗೆ ಶರ್ಟ್ ಪೀಸೋ ಉಂಗುರವೋ ನೂರರ ನೋಟೋ ಕೊಟ್ಟು, ಮೈಕಿನಲ್ಲಿ "ಇಂಥವರಿಂದ ಇಂಥವರಿಗೆ" ಅಂತ ಹೆಸರು ಹೇಳಿಸುತ್ತೇವೆ. ಹೆಸರು ಕೇಳಿಸಲಿ ಅಂತಲೇ ಕೊಡುತ್ತೇವೆ. ಅಲ್ಲಿಯವರೆಗೆ ಎರಡೂ ಒಂದೇ.

ಆಮೇಲೆ ಯೋಚಿಸಿದೆ. ನಾಟಕದಲ್ಲಿ ಭೀಮನ ಪಾತ್ರ ಮಾಡಿದವನು ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾನೆ, ಚಹಾ ಕುಡಿಸುತ್ತಾನೆ. ನಿಮ್ಮ ಮನೆ ಮದುವೆಗೆ ಅವನೂ ಆಯೇರು ತರುತ್ತಾನೆ. ಕೊಟ್ಟದ್ದು ಒಂದು ದಿನ ಯಾವುದೋ ರೂಪದಲ್ಲಿ ವಾಪಸ್ ಬರುತ್ತದೆ. ಕಿಸೆಯಲ್ಲಿ ಇದ್ದಷ್ಟೇ ನೋಟು ಹೋಗುತ್ತವೆ. ಪಕ್ಕದಲ್ಲಿ ಕೂತ ಕಾಕಾ "ಸಾಕಪಾ ತಮ್ಮಾ" ಅಂತ ಕೈ ಹಿಡಿಯುತ್ತಾನೆ. ಕೋಳಿ ಕೂಗುವ ಹೊತ್ತಿಗೆ ಮಂಗಳ ಹಾಡಿ ಪರದೆ ಇಳಿಸುತ್ತಾರೆ. ಲೈವ್‌ನಲ್ಲಿ ಪರದೆ ಇಳಿಯುವುದಿಲ್ಲ. ಒಬ್ಬರು ಮುಗಿಸಿದರೆ ಕೆಳಗೆ ಇನ್ನೊಬ್ಬರು ಶುರು ಮಾಡಿರುತ್ತಾರೆ. ಕೈ ಹಿಡಿಯುವ ಕಾಕಾ ಇಲ್ಲ. ಪಕ್ಕದ ಹಾಸಿಗೆಯವನಿಗೂ ಗೊತ್ತಾಗುವುದಿಲ್ಲ, ಇಯರ್‌ಫೋನ್ ಹಾಕಿಕೊಂಡಿರುತ್ತೀರಿ.

ಎಷ್ಟು ಖರ್ಚಾದರೆ ಜಾಸ್ತಿ ಅನ್ನಬೇಕು?

ಇಷ್ಟು ಅಂತ ಒಂದು ಅಂಕಿ ಕೊಡಲು ಬರುವುದಿಲ್ಲ. ಒಂದು ಸಂಗತಿ ಹೇಳುತ್ತೇನೆ.

ಪಿಎಸ್‌ಐ ಪರೀಕ್ಷೆಗೆ ಓದುವ ಒಬ್ಬ ಹುಡುಗ. ತಂದೆಯದು ಬ್ಯಾಡಗಿ ಕಡೆ ಎರಡು ಎಕರೆ ಮೆಣಸಿನಕಾಯಿ ಹೊಲ. ಎಷ್ಟು ಹೋಗಿರಬಹುದು ಅಂದೆ. "ಮೂರು ಸಾವಿರ ಇರಬೋದ್ರಿ" ಅಂದ. ಸರಿ, ಬರೆಯೋಣ ಅಂದೆ. ಕೊಠಡಿ ಮುಚ್ಚಿದ ಮೇಲೆ ಇಬ್ಬರೂ ಕೂತೆವು. ಅವನು ಯುಪಿಐ ಹಿಸ್ಟರಿ ಮೇಲೆ ಬೆರಳು ಸರಿಸುತ್ತಾ ಓದಿದ, ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದೆ. 29. 89. 89. 199. 29. ಒಂದೇ ರಾತ್ರಿ ಐದು ಸಲ 89. ಮೊದಮೊದಲು ಜೋರಾಗಿ ಓದುತ್ತಿದ್ದ. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ದನಿ ಸಣ್ಣದಾಯಿತು. ಕೊನೆಗೆ ಫೋನನ್ನು ನನ್ನ ಕೈಗೆ ಕೊಟ್ಟು, "ನೀವ ಬರ್ಕೊಳ್ರಿ" ಅಂದ. ಮೂರು ತಿಂಗಳಿಗೆ ಒಟ್ಟು ₹11,400. ಅವನ ಖಾನಾವಳಿಯ ನಾಲ್ಕು ತಿಂಗಳ ದುಡ್ಡು. ಖಾನಾವಳಿ ಬಿಲ್ ಎರಡು ತಿಂಗಳಿಂದ ಬಾಕಿ ಇತ್ತು.

ಅವನು ಸುಳ್ಳು ಹೇಳಿರಲಿಲ್ಲ. ಮೂರು ಸಾವಿರ ಅಂತಲೇ ನಂಬಿದ್ದ. ಸಣ್ಣ ಸಣ್ಣ ಮೊತ್ತ ಮನಸ್ಸಿನಲ್ಲಿ ಕೂಡಿಕೊಳ್ಳುವುದಿಲ್ಲ. ಅದಕ್ಕೇ ಪೆನ್ನು ಹಿಡಿದು ಕೈಯಿಂದಲೇ ಬರೆಯಿರಿ ಅನ್ನುತ್ತೇನೆ. ನನ್ನ ಅನುಭವದಲ್ಲಿ ಮೊತ್ತಕ್ಕಿಂತ ಮೂರು ಗುರುತು ಮುಖ್ಯ. ಮನೆಯವರ ಮುಂದೆ ಫೋನ್ ತಿರುಗಿಸಿ ಇಡುತ್ತೀರಾ? ಊಟ, ಬಾಡಿಗೆ, ಪರೀಕ್ಷೆ ಫೀಸಿನ ದುಡ್ಡಿಗೆ ಕೈ ಹಾಕಿದ್ದೀರಾ? ಗಿಫ್ಟ್ ಹಾಕದ ದಿನ ಅವರು ನಿಮ್ಮ ಹೆಸರು ಹೇಳದಿದ್ದರೆ ನಿದ್ದೆ ಬರುವುದಿಲ್ಲವಾ? ಒಂದಕ್ಕೆ ಹೌದು ಅಂದರೂ ಅದು ಜಾಸ್ತಿಯೇ. ಸಾಲ ಮಾಡಿದ್ದರೆ, ಅದೂ ಸಾಲದ ಆ್ಯಪ್‌ನಿಂದ ತೆಗೆದಿದ್ದರೆ, ಇವತ್ತೇ ಯಾರಿಗಾದರೂ ಹೇಳಿ.

ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ಆದರೂ ಒಂಟಿ ಅನಿಸುತ್ತದೆ. ಯಾಕೆ?

ನಮಗೆ ಬೇಕಾದ ಒಡನಾಟಕ್ಕೂ ಸಿಗುತ್ತಿರುವ ಒಡನಾಟಕ್ಕೂ ನಡುವಿನ ಅಂತರವೇ ಒಂಟಿತನ. ಸುತ್ತ ಎಷ್ಟು ಜನ ಇದ್ದಾರೆ ಅನ್ನುವುದು ಬೇರೆ ಲೆಕ್ಕ. ನಾಲ್ಕು ಜನ ಒಂದೇ ಹುದ್ದೆಗೆ ಓದುವಾಗ ಕಷ್ಟ ಹೇಳಿಕೊಳ್ಳಲು ಹಿಂಜರಿಕೆ ಆಗುತ್ತದೆ. ಊರಿಗೆ ಫೋನ್ ಮಾಡಿದರೆ "ರಿಸಲ್ಟ್ ಯಾವಾಗ" ಅನ್ನುತ್ತಾರೆ. ಜೊತೆಗೆ ಓದಿದವನಿಗೆ ಕೆಲಸ ಸಿಕ್ಕಿರುತ್ತದೆ, ಮದುವೆ ಕಾರ್ಡ್ ಬಂದಿರುತ್ತದೆ. ಜಾತ್ರೆಗೆ ಊರಿಗೆ ಹೋಗಲೂ ಮನಸ್ಸಾಗುವುದಿಲ್ಲ, ಹತ್ತು ಜನ ಹತ್ತು ಕೇಳುತ್ತಾರೆ. ಲೈವ್‌ನಲ್ಲಿ ಮಾತ್ರ ಯಾರೂ ರಿಸಲ್ಟ್ ಕೇಳುವುದಿಲ್ಲ. ಅದರ ಸೆಳೆತ ಇಲ್ಲಿದೆ ಅಂತ ನನಗೆ ಖಾತ್ರಿಯಾಗಿದೆ.

ಇದು ಸಪ್ತಾಪುರದ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ 2018ರಲ್ಲೇ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಮಂತ್ರಿಯನ್ನು ನೇಮಿಸಿದರು. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ದೊಡ್ಡ ಆರೋಗ್ಯಾಧಿಕಾರಿ, ಆಗಿದ್ದ ಡಾ. ವಿವೇಕ್ ಮೂರ್ತಿ, ಅವರ ಕುಟುಂಬ ನಮ್ಮ ಮಂಡ್ಯ ಜಿಲ್ಲೆಯ ಕಡೆಯದು, 2023ರಲ್ಲಿ ಇದರ ಬಗ್ಗೆ ದೇಶಕ್ಕೇ ಎಚ್ಚರಿಕೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಪಂಚದಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಅನ್ನುತ್ತದೆ, ಹದಿಹರೆಯದವರಲ್ಲೂ ಯುವಕರಲ್ಲೂ ಅದು ಕಡಿಮೆ ಏನಿಲ್ಲ. ಹಾಗಾಗಿ "ನನಗೊಬ್ಬನಿಗೇ ಹಿಂಗ" ಅಂದುಕೊಳ್ಳಬೇಡಿ.

ಹಾಗಾದರೆ ನಿಜವಾದ ಗೆಳೆತನ ಅಂತ ಯಾವುದನ್ನು ಅನ್ನುವುದು?

ನಾನು ಹುಡುಗರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ನೀನು ಎರಡು ದಿನ ಕಾಣದಿದ್ದರೆ ಯಾರು ಕೇಳುತ್ತಾರೆ?

ಮೇಲೆ ಹೇಳಿದ ಹುಡುಗ ಜ್ವರ ಬಂದು ಎರಡು ದಿನ ರೂಮಿನಲ್ಲೇ ಮಲಗಿದ್ದ. ಫೋನಿನ ಚಾರ್ಜರ್ ಕೆಟ್ಟಿತ್ತು. ಮೂರನೇ ದಿನ ಫೋನ್ ಹಚ್ಚಿದಾಗ ಲೈವ್‌ನವರಿಂದ ಒಂದು ಸಾಲೂ ಬಂದಿರಲಿಲ್ಲ. ಅವರ ತಪ್ಪಲ್ಲ, ಅಷ್ಟು ಜನರಲ್ಲಿ ಒಬ್ಬ ಕಾಣದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಕೇಳಿದವಳು ಖಾನಾವಳಿ ಅಕ್ಕ. ಎರಡು ಹೊತ್ತು ತಾಟು ಖಾಲಿ ಉಳಿದದ್ದು ನೋಡಿ, ಬಾಕಿ ಬಿಲ್ಲಿನ ಮಾತೂ ಎತ್ತದೆ, ಸ್ಟೀಲ್ ಡಬ್ಬಿಯಲ್ಲಿ ಗಂಜಿ ಕೊಟ್ಟು ಮಗನನ್ನು ಕಳಿಸಿದ್ದಳು. "ಯಾಕೋ ತಮ್ಮಾ, ಆರಾಮಿಲ್ಲೇನು" ಅಂತ ಮಗನ ಫೋನಿನಲ್ಲಿ ಕೇಳಿದಳಂತೆ. ಇದನ್ನು ನನಗೆ ಹೇಳುವಾಗ ಅವನ ಕಣ್ಣು ತುಂಬಿತು. ಅಷ್ಟು ದಿನ ಅಕ್ಕನ ಮುಖ ಎತ್ತಿ ನೋಡಿರಲಿಲ್ಲ, ಊಟ ಮಾಡುವಾಗಲೂ ಫೋನ್ ನೋಡುತ್ತಿದ್ದ.

ಲೈವ್ ಮಾಡುವವರೆಲ್ಲ ಮೋಸಗಾರರಾ?

ಅಲ್ಲ. ಹಾಗಂದರೆ ನನ್ನ ಮನೆಯವರಿಗೇ ಅಂದಂತಾಗುತ್ತದೆ. ಬೆಟಗೇರಿಯಲ್ಲಿರುವ ನನ್ನ ಸೋದರ ಸೊಸೆ ಎರಡು ವರ್ಷದಿಂದ ಲೈವ್ ಮಾಡುತ್ತಾಳೆ. ಬ್ಲೌಸ್ ಹೊಲಿಯುತ್ತಾ ಮಾತಾಡುತ್ತಾಳೆ, ಕೇಳಿದರೆ ಹಾಡುತ್ತಾಳೆ. ಹೊಲಿಗೆ ಮಷೀನಿಗೇ ರಿಂಗ್ ಲೈಟ್ ಕಟ್ಟಿದ್ದಾಳೆ. ಮಷೀನಿನ ಡ್ರಾದಲ್ಲಿ ಗುಂಡಿ, ಹುಕ್ಕುಗಳ ಜೊತೆ ಒಂದು ಸಣ್ಣ ಪುಸ್ತಕ. ತೆರೆದು ತೋರಿಸಿದಳು. ಹೆಸರುಗಳು, ಮುಂದೆ ಒಂದೊಂದು ಸಾಲು: ತಾಯಿಗೆ ಮಂಡಿ ನೋವು. ಕೆಲಸ ಹೋಗಿದೆ. ಮಗಳ ಹೆಸರು ಸಾನ್ವಿ. "ಇಷ್ಟು ಮಂದೀದು ನೆನಪ ಉಳಿಯಂಗಿಲ್ಲ ಮಾಮಾ, ಅದಕ್ಕ ಬರದಿಡ್ತೀನಿ. ಆದ್ರ ಕೇಳೂವಾಗ ಖರೇನ ಕೇಳ್ತೀನಿ" ಅಂದಳು.

ನಾನು ಅವಳ ಮಾತು ನಂಬುತ್ತೇನೆ. ಅವಳಿಗೂ ಒತ್ತಡ ಇದೆ. ತಿಂಗಳಿಗೆ ಇಷ್ಟು ಗಂಟೆ ಲೈವ್ ಇರಲೇಬೇಕು ಅಂತ, ಲೈವ್ ಮಾಡುವವರನ್ನು ಸೇರಿಸಿಕೊಳ್ಳುವ ಏಜೆನ್ಸಿಯವರ ಟಾರ್ಗೆಟ್. ಜ್ವರ ಇದ್ದರೂ ಪೌಡರ್ ಹಚ್ಚಿ ಕೂರುತ್ತಾಳೆ. ಅಶ್ಲೀಲ ಬರೆಯುವವರನ್ನು ಸಹಿಸಬೇಕು, ಜಾಸ್ತಿ ಗಿಫ್ಟ್ ಹಾಕಿದವರು ನಂಬರ್ ಕೊಡು ಅಂತ ಹಠ ಹಿಡಿದರೆ ನಗುತ್ತಲೇ ತಪ್ಪಿಸಿಕೊಳ್ಳಬೇಕು. ದುಡ್ಡು ಹಾಕುವವರು ಇದನ್ನೂ ತಿಳಿದಿರಬೇಕು. ನೀವು ಕೊಟ್ಟದ್ದು ಅವರ ದುಡಿಮೆಗೆ. ಅವರ ಮೇಲೆ ನಿಮಗೆ ಹಕ್ಕು ಬರುವುದಿಲ್ಲ. "ಇಷ್ಟು ಹಾಕಿದೆ, ಆದರೂ ನನ್ನ ಮರೆತಳು" ಅಂತ ಬೈಯಲು ಶುರು ಮಾಡಿದವರು ಒಮ್ಮೆ ಆ ಹೊಲಿಗೆ ಮಷೀನನ್ನು ಕಣ್ಣ ಮುಂದೆ ತಂದುಕೊಳ್ಳಿ.

ಪರ್ಸನಲ್ ನಂಬರ್ ಕೊಟ್ಟು ನೇರ ದುಡ್ಡು ಕೇಳುತ್ತಿದ್ದಾರೆ. ವಿಡಿಯೊ ಕಾಲ್ ರೆಕಾರ್ಡ್ ಮಾಡಿ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಇದು ಗಿಫ್ಟ್ ವಿಷಯ ಅಲ್ಲ, ಅಪರಾಧ. ಒಂದು ರೂಪಾಯಿಯನ್ನೂ ಹಾಕಬೇಡಿ, ಹಾಕಿದರೆ ಮತ್ತೆ ಕೇಳುತ್ತಾರೆ. ಚಾಟ್, ನಂಬರ್, ಪೇಮೆಂಟ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸಬೇಡಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಒಬ್ಬರೇ ಹೋಗಲು ಅಂಜಿಕೆಯಾದರೆ ಯಾರನ್ನಾದರೂ ಕರೆದುಕೊಂಡು ಹೋಗಿ. ನಾನೇ ಎರಡು ಸಲ ಜೊತೆಗೆ ಹೋಗಿದ್ದೇನೆ.

ಹೈಸ್ಕೂಲ್ ಓದುವ ಮಗಳು ನನ್ನ ಫೋನಿನಿಂದ ಕಾಯಿನ್ ಕೊಂಡಿದ್ದಾಳೆ. ದುಡ್ಡು ವಾಪಸ್ ಬರುತ್ತದಾ?

ಗೂಗಲ್ ಪ್ಲೇ ಮೂಲಕ ಕೊಂಡಿದ್ದರೆ 48 ಗಂಟೆಯೊಳಗೆ ಅಲ್ಲೇ ರೀಫಂಡ್ ಕೇಳಿ. ತಡವಾಗಿದ್ದರೆ ಆ್ಯಪ್‌ನವರಿಗೇ ಬರೆಯಿರಿ. ಮಗು ಮಾಡಿದ ಖರೀದಿ ಅಂತ ಸ್ಪಷ್ಟವಾಗಿ ಹೇಳಿ. ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಆದರೂ ಖಾತೆ ನಿಮ್ಮ ಹೆಸರಿನಲ್ಲಿ ಇರುವುದರಿಂದ ವಾಪಸ್ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಬೇಡಿ. ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಂದೇ ಮಾಡಿ. ಯುಪಿಐ ಪಿನ್ ಬದಲಿಸಿ. ಮಗಳಿಗೆ ಹೊಡೆಯಬೇಡಿ. ಹೊಡೆದ ಮನೆಗಳಲ್ಲಿ ಮಕ್ಕಳು ಮುಂದಿನ ಸಲ ಹೇಳಲಿಲ್ಲ, ಅಷ್ಟೇ ಆದದ್ದು.

2025ರಲ್ಲಿ ಆನ್‌ಲೈನ್ ಗೇಮ್ ನಿಷೇಧ ಮಾಡಿದರಲ್ಲ, ಅದರಲ್ಲಿ ಇದು ಬರುವುದಿಲ್ಲವಾ?

ಆ ಕಾನೂನು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಬಗ್ಗೆ. ಗಿಫ್ಟ್ ಹಾಕಿದವರು ದುಡ್ಡು ಗೆಲ್ಲುವುದಿಲ್ಲ.

ಹಾವೇರಿಯಲ್ಲಿ ನನ್ನ ಅತ್ತಿ ಒಬ್ಬರೇ ಇದ್ದಾರೆ. ಭಜನೆಯ ಲೈವ್ ನೋಡಿ ಆಗಾಗ ₹40 ಹಾಕುತ್ತಾರೆ. ತಡೆಯಬೇಕಾ?

ತಡೆಯಬೇಡಿ. ಪೆನ್ಷನ್ನಿನಲ್ಲಿ ಅಷ್ಟು ಅವರ ಸಂತೋಷಕ್ಕೆ ಇರಲಿ. ತಮ್ಮ ಹೆಸರು ಓದಿದ್ದನ್ನು ಪಕ್ಕದ ಮನೆಯವರಿಗೆ ಹೇಳಿಕೊಂಡು ಖುಷಿ ಪಡುತ್ತಾರಂತಲ್ಲ, ಅಂದರೆ ಮುಚ್ಚಿಡುತ್ತಿಲ್ಲ. ಫೋನಿನಲ್ಲಿ ಆಟೋಪೇ, ಅಂದರೆ ದುಡ್ಡು ತಾನಾಗೇ ಕಡಿತವಾಗುವ ವ್ಯವಸ್ಥೆ, ಏನಾದರೂ ಆನ್ ಆಗಿದೆಯಾ ಅಂತ ಒಮ್ಮೆ ನೋಡಿ. ಒಂದು ಸಂಜೆ ನೀವೂ ಪಕ್ಕದಲ್ಲಿ ಕೂತು ಆ ಭಜನೆ ಕೇಳಿ.

ನಾನು ಬಿಡಬೇಕು ಅಂತ ಇದ್ದೇನೆ. ಎಲ್ಲಿಂದ ಶುರು ಮಾಡಲಿ?

ಒಮ್ಮೆಗೇ ಎಲ್ಲ ಡಿಲೀಟ್ ಮಾಡಿದವರು ನಾಲ್ಕನೇ ದಿನ ಮತ್ತೆ ಹಾಕಿಕೊಂಡದ್ದನ್ನು ನೋಡಿದ್ದೇನೆ. ಮೊದಲು ದುಡ್ಡಿನ ದಾರಿ ಮುಚ್ಚಿ, ನೋಡುವುದನ್ನು ಆಮೇಲೆ ಕಡಿಮೆ ಮಾಡಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ಮೆಂಬರ್‌ಶಿಪ್‌ಗಳನ್ನು ರದ್ದು ಮಾಡಿ. ಪ್ಲೇ ಸ್ಟೋರ್‌ನಿಂದ ಕಾರ್ಡ್, ಯುಪಿಐ ತೆಗೆಯಿರಿ. ಅಲ್ಲಿ ತಿಂಗಳ ಬಜೆಟ್ ಇಡುವ ಸೌಲಭ್ಯ ಇದೆ, ಆದರೆ ಅದು ನೆನಪು ಮಾಡುತ್ತದೆಯೇ ಹೊರತು ಖರೀದಿ ತಡೆಯುವುದಿಲ್ಲ. ಲೈವ್ ಶುರುವಾಯಿತು ಅನ್ನುವ ನೋಟಿಫಿಕೇಶನ್ ಬಂದ್ ಮಾಡಿ. ದೊಡ್ಡ ಮೊತ್ತ ಇರುವ ಬ್ಯಾಂಕ್ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ.

ಇನ್ನು ಆ ಹೊತ್ತು. ರಾತ್ರಿ ಹತ್ತರಿಂದ ಹನ್ನೆರಡು ಖಾಲಿ ಬಿಟ್ಟರೆ ಕೈ ಮತ್ತೆ ಫೋನಿಗೆ ಹೋಗುತ್ತದೆ. ನಮ್ಮ ಹುಡುಗರಲ್ಲಿ ಇಬ್ಬರು ಊಟದ ಮೇಲೆ ಕೆಲಗೇರಿ ರಸ್ತೆಯಲ್ಲಿ ನಡೆಯಲು ಶುರು ಮಾಡಿದರು. ಮೊದಲ ವಾರ ಇಬ್ಬರೂ ಮಾತಾಡಲಿಲ್ಲವಂತೆ. ಸುಮ್ನೆ ನಡೆದರು. ಈಗ ಐದು ಜನ ಆಗಿದ್ದಾರೆ. ಭಾನುವಾರ ಗಿರ್ಮಿಟ್, ಮಿರ್ಚಿಯ ಖರ್ಚು ಸರದಿ ಪ್ರಕಾರ.

ಯಾವುದರಲ್ಲೂ ಮನಸ್ಸಿಲ್ಲ. ಇರುವುದೇ ಬೇಡ ಅನಿಸುತ್ತದೆ.

ದಯವಿಟ್ಟು ಈಗಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರಿಂದ ಇರುವ ಸರ್ಕಾರದ ಸೇವೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, 1845ರಷ್ಟು ಹಿಂದೆ ಶುರುವಾದ ಮಾನಸಿಕ ಆರೋಗ್ಯದ ಆಸ್ಪತ್ರೆ. ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗುತ್ತಾರೆ. ಆ ಮಾತು ಕೇಳಿ ಕೇಳಿ ಎಷ್ಟೋ ಜನ ಅಲ್ಲಿನ ಗೇಟಿನವರೆಗೂ ಹೋಗಿಲ್ಲ. ನಮ್ಮ ಕೊಠಡಿಯ ಒಬ್ಬ ಹುಡುಗ ಹೋದ. ಓಪಿಡಿ ಚೀಟಿ ಮಾಡಿಸಿ, ಸಾಲಿನಲ್ಲಿ ಕೂತು, ಡಾಕ್ಟರ್ ಜೊತೆ ಮಾತಾಡಿ ಬಂದ. ಈಗ ಮೂಲೆಯ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತು ಓದುತ್ತಾನೆ.

ನಿಮ್ಮ ಹತ್ತಿರ ಬಂದು ಮಾತಾಡಬಹುದಾ? ನಾನು ನಿಮ್ಮ ಲೈಬ್ರರಿ ಮೆಂಬರ್ ಅಲ್ಲ.

ಬನ್ನಿ. ಕೊಠಡಿ ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ಬೀಗ ಹಾಕಿದ ಮೇಲೆ ಅರ್ಧ ತಾಸು ಹೊರಗಿನ ಕಟ್ಟೆ ಮೇಲೆ ಕೂತಿರುತ್ತೇನೆ. ಬಂದ ಕೂಡಲೇ ಎಲ್ಲ ಹೇಳಬೇಕು ಅಂತೇನಿಲ್ಲ. ಲೆಕ್ಕ ಬರೆಯುವುದಿದ್ದರೆ ನೋಟ್‌ಬುಕ್, ಪೆನ್ನು ನನ್ನ ಹತ್ತಿರ ಇವೆ.